‘ರನ್’ ಎಂಬ ಪುಟ್ಟ ಪದ

ಇಂಗ್ಲಿಷ್ ಕಲಿಯುವ ಬಾಲಕನಿಗೆ ಮೊದಲ ವರ್ಷದಲ್ಲಿಯೇ ಪರಿಚಯವಾಗುವ ಪದಗಳಲ್ಲಿ ‘ರನ್’ ಎಂಬುದೊಂದು. ‘ಓಡು’ ಎಂದು ಉಪಾಧ್ಯಾಯರು ಅರ್ಥ ಹೇಳುವರು, ಬಾಲಕನು ಬರೆದುಕೊಳ್ಳುವನು, ಅಲ್ಲಿಗೆ ಅದು ಮುಗಿಯಿತೆಂದು ಉಭಯರೂ ತಿಳಿಯುವರು. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ಈ ಒಂದು ಕ್ರಿಯಾಪದಕ್ಕೆ ೬೪೫ ಅರ್ಥಭೇದಗಳನ್ನು ಎಣಿಸಿರುವರು. ೧೯೨೮ರಲ್ಲಿ ಪೂರ್ಣಗೊಂಡ ಆ ನಿಘಂಟಿನ ಮೊದಲ ಆವೃತ್ತಿಯಲ್ಲಿಯೂ ೧೯೮೯ರ ಎರಡನೆಯದರಲ್ಲಿಯೂ ಅತಿ ದೀರ್ಘವಾದ ವಿವರಣೆ ‘ಸೆಟ್’ ಎಂಬ ಪದದ್ದಾಗಿದ್ದಿತು. ೨೦೧೧ರ ವೇಳೆಗೆ ‘ರನ್’ ಅದನ್ನು ಹಿಂದೆ ಹಾಕಿತು.

ಇಷ್ಟು ಅರ್ಥಗಳು ಎಲ್ಲಿಂದ ಬಂದುವು? ಈ ಪದದ ಮೂಲಧಾತುವಿಗೆ ಓಡುವುದು ಮಾತ್ರವಲ್ಲ, ಹರಿಯುವುದೂ ಅರ್ಥವಾಗಿದ್ದಿತು. ಅದರ ಜ್ಞಾತಿಯಾದ ಜರ್ಮನ್ ಭಾಷೆಯ ‘ರಿನ್ನೆನ್’ ಇಂದಿಗೂ ದ್ರವಗಳ ಹರಿವನ್ನೇ ಸೂಚಿಸುತ್ತದೆ. ಆದುದರಿಂದ ಇಂಗ್ಲಿಷರ ನದಿಯೂ, ನೆಗಡಿಯಾದಾಗ ಅವರ ಮೂಗೂ ‘ರನ್’ ಮಾಡುವುದು ಹಾಸ್ಯವಲ್ಲ, ಅಲಂಕಾರವೂ ಅಲ್ಲ, ಅದು ಪಿತ್ರಾರ್ಜಿತ. ನಮ್ಮ ಹಳಗನ್ನಡದ ‘ಪರಿ’ಯೂ ಹೀಗೆಯೇ ಹರಿಯುವುದಕ್ಕೂ ಓಡುವುದಕ್ಕೂ ಸಲ್ಲುತ್ತಿದ್ದಿತು. ಅದರಿಂದ ಬಂದ ಹೊಸಗನ್ನಡದ ‘ಹರಿ’ಯು ಹೆಚ್ಚಾಗಿ ನೀರಿನ ಪಾಲಿಗೆ ಉಳಿದು, ಕಾಲಿನ ಓಟವು ‘ಓಡು’ವಿನ ಪಾಲಾಯಿತು. ಇಂಗ್ಲಿಷಿನಲ್ಲಿ ಇಂತಹ ಪಾಲುಪಟ್ಟಿ ನಡೆಯಲಿಲ್ಲ. ಯಂತ್ರಗಳು ಬಂದಾಗ ಅವುಗಳ ಚಲನೆಯೂ, ಅಂಗಡಿ ಕಾರ್ಖಾನೆಗಳ ಆಡಳಿತವೂ, ಕಟ್ಟಕಡೆಗೆ ಗಣಕಯಂತ್ರದ ಕೆಲಸವೂ ಅದೇ ಪುಟ್ಟ ಪದದ ಹೆಗಲಿಗೇರಿದುವು. ನಮ್ಮಲ್ಲಿ ಗಡಿಯಾರ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ನಾಟಕವೂ ನಡೆಯುತ್ತದೆ. ಅವರದು ಓಡುವಲ್ಲಿ ನಮ್ಮದು ನಡೆಯುವುದು. ಇದರಿಂದ ಜನರ ಸ್ವಭಾವವನ್ನು ಊಹಿಸಹೊರಡುವ ಪಂಡಿತರ ಮಾತನ್ನು ನಾನು ಒಪ್ಪಲಾರೆ.

ಒಂದೇ ಭಾಷೆಯನ್ನಾಡುವವರಲ್ಲಿಯೂ ಈ ವ್ಯತ್ಯಾಸವುಂಟು. ಚುನಾವಣೆಗೆ ಇಂಗ್ಲೆಂಡಿನ ಅಭ್ಯರ್ಥಿಯು ‘ನಿಲ್ಲುವನು’, ಅಮೆರಿಕದವನು ‘ಓಡುವನು’. ಈ ವಿಷಯದಲ್ಲಿ ನಾವು ಇಂಗ್ಲೆಂಡಿನ ಪಕ್ಷ.

ಅನುವಾದಕನಿಗೆ ನಿಜವಾದ ಅಪಾಯವಿರುವುದು ಬ್ಯಾಂಕಿನ ಮೇಲಣ ‘ರನ್’ನಲ್ಲಿ. ಠೇವಣಿದಾರರೆಲ್ಲರೂ ಏಕಕಾಲದಲ್ಲಿ ಹಣವನ್ನು ಹಿಂಪಡೆಯಲು ಮುಗಿಬೀಳುವುದೆಂದು ಅದರ ಅರ್ಥ. ಸುಸ್ಥಿತಿಯಲ್ಲಿರುವ ಬ್ಯಾಂಕೂ ಎಲ್ಲರ ಹಣವನ್ನು ತಿಜೋರಿಯಲ್ಲಿ ಇಟ್ಟುಕೊಂಡಿರುವುದಿಲ್ಲ. ಬಹುಭಾಗವನ್ನು ಸಾಲವಾಗಿ ಕೊಟ್ಟಿರುತ್ತದೆ. ಹೀಗಾಗಿ ಬರಿಯ ವದಂತಿಯೇ ಅದನ್ನು ಮುಳುಗಿಸಬಲ್ಲುದು. ಅವಸರದ ಅನುವಾದಕನು ‘ಬ್ಯಾಂಕು ಓಡಿಹೋಯಿತು’ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನೆನ್ನಿ: ಮರುದಿನ ಬೆಳಗ್ಗೆ ಆ ಬ್ಯಾಂಕಿನ ಬಾಗಿಲಲ್ಲಿ ಇನ್ನೊಂದು ‘ರನ್’ ಸಿದ್ಧ! ಪದದ ಅರ್ಥವನ್ನು ಪದದಲ್ಲಿಯೇ ಹುಡುಕದೆ, ಅದರ ಪಕ್ಕದಲ್ಲಿ ಕುಳಿತಿರುವ ಮಾತುಗಳನ್ನು ವಿಚಾರಿಸಬೇಕಾದುದು ಇದಕ್ಕಾಗಿಯೇ.

ಇಂಗ್ಲಿಷರ ಈ ಗೊಂದಲವನ್ನು ಕಂಡು ನಗುವ ಶ್ರೋತೃಗಳು, ಕನ್ನಡ ಕಲಿಯುತ್ತಿರುವ ಇಂಗ್ಲಿಷ್ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಬೇಕು. ‘ಹಿಡಿ’ ಎಂದರೆ ಕೈಯಿಂದ ಗ್ರಹಿಸುವುದೆಂದು ಅವನು ಬರೆದುಕೊಂಡಿರುವನು. ನಾವು ಅವನೆದುರಿಗೆ, ಮಳೆ ಹಿಡಿಯಿತು, ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಬಾಡಿಗೆಗೆ ಮನೆ ಹಿಡಿದೆವು, ಕೆಲಸ ಎರಡು ದಿನ ಹಿಡಿಯಿತು, ಅಡುಗೆ ಹಿಡಿಸಲಿಲ್ಲ, ನನಗೆ ನೆಗಡಿ ಹಿಡಿದಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗುವೆವು.