ಹಗ್ಗ ಹಿಡಿದ ಮೂವರು ಮಕ್ಕಳು: ಆಟ, ಆಕಾರ ಮತ್ತು ನಮ್ಮ ತಪ್ಪು ಕಲ್ಪನೆಗಳು

ಮೂರು-ನಾಲ್ಕು ವರ್ಷದ ಮಗುವನ್ನು ನೆಂಟರ ಮುಂದೆ ನಿಲ್ಲಿಸಿ ಸರ್ಕಲ್, ಸ್ಕ್ವೇರ್, ಟ್ರಯಾಂಗಲ್ ಎಂದು ಹೇಳಿಸುವ ಚಾಳಿ ಈಗ ಚಾಮರಾಜನಗರ ಜಿಲ್ಲೆಯ ನಮ್ಮ ಹರವೆ ಸೀಮೆಗೂ ಬಂದಿದೆ. ಮಗು ಗಿಣಿಪಾಠ ಒಪ್ಪಿಸುತ್ತದೆ, ನಾವು ಹಿಗ್ಗುತ್ತೇವೆ. ಅದೇ ಮಗು ಅಂಗಳದಲ್ಲಿ ಕುಂಟಾಬಿಲ್ಲೆಗೆ ಗೆರೆ ಎಳೆಯುತ್ತಿದ್ದರೆ ಗದರಿಸಿ ಒಳಗೆ ಕರೆಯುತ್ತೇವೆ. ಹೀಗೆ ಮಾಡುವಾಗ ನಾವು ನಂಬಿಕೊಂಡಿರುವ ಕೆಲವು ಮಾತುಗಳನ್ನು ಇಲ್ಲಿ ಪರೀಕ್ಷೆಗೆ ಇಟ್ಟಿದ್ದೇವೆ.

ತಪ್ಪು ಕಲ್ಪನೆ: ಚಾರ್ಟು ನೋಡಿ ಹೆಸರು ಹೇಳಿದರೆ ಮಗುವಿಗೆ ಆಕಾರ ಗೊತ್ತಾಯಿತು.

ವಾಸ್ತವ: ಚಾರ್ಟನ್ನು ತಲೆಕೆಳಗು ಹಿಡಿದು ಕೇಳಿ. ಚೂಪು ಮೇಲಿದ್ದಾಗ ತ್ರಿಕೋನ ಎಂದ ಮಗು, ಚೂಪು ಕೆಳಗೆ ಬಂದ ಕೂಡಲೇ ಅಲ್ಲ ಎನ್ನುವುದುಂಟು. ಮೂಲೆಯ ಮೇಲೆ ನಿಂತ ಚೌಕ ಅದಕ್ಕೆ ಚೌಕವೇ ಅಲ್ಲ, ಡೈಮಂಡು. ಮಗು ದಡ್ಡ ಎಂದಲ್ಲ. ಆಕಾರವನ್ನು ಮಕ್ಕಳು ಮೊದಲು ಇಡಿಯಾಗಿ ಗುರುತಿಸುತ್ತಾರೆ, ಬದಿ ಎಷ್ಟು, ಮೂಲೆ ಎಷ್ಟು ಎಂಬ ಲೆಕ್ಕ ಆಮೇಲಿನದು ಎಂದು ನೆದರ್ಲೆಂಡಿನ ಶಿಕ್ಷಕ ದಂಪತಿ ವಾನ್ ಹೀಲೆ 1957ರಲ್ಲೇ ವಿವರಿಸಿದ್ದರು. ಅಮೆರಿಕದ ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಸಂಗಡಿಗರು 3ರಿಂದ 6 ವರ್ಷದ ಮಕ್ಕಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತವನ್ನು ಬಹುತೇಕ ಎಲ್ಲರೂ ಗುರುತಿಸಿದರು. ತ್ರಿಕೋನದ ವಿಷಯದಲ್ಲಿ ಸರಿಯುತ್ತರ ಸುಮಾರು 60%ಕ್ಕೆ ಇಳಿಯಿತು. ಚಾರ್ಟಿನಲ್ಲಿ ಒಂದೇ ತರಹದ ತ್ರಿಕೋನ ನೋಡಿ ನೋಡಿ ಕಲಿತರೆ ಆಗುವುದೇ ಇದು.

ಇದಕ್ಕೆ ಒಂದು ಹಗ್ಗ ಸಾಕು. ಎರಡು ಮಾರು ಉದ್ದದ ಹಗ್ಗದ ತುದಿಗಳನ್ನು ಗಂಟು ಹಾಕಿ, ಇಬ್ಬರು ಮಕ್ಕಳನ್ನು ಒಳಗೆ ನಿಲ್ಲಿಸಿ ಬಿಗಿಯಾಗಿ ಎಳೆಯಲು ಹೇಳಿ. ಏನೂ ಆಗುವುದಿಲ್ಲ, ಜೋಡಿ ಗೆರೆ ಅಷ್ಟೆ. ಮೂರನೆಯವಳು ಒಳಗೆ ಹೊಕ್ಕು ಎಳೆದಳೋ, ತ್ರಿಕೋನ. ಅವಳು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ತ್ರಿಕೋನ ಸೊಟ್ಟಗಾಗುತ್ತದೆ, ತೆಳ್ಳಗಾಗುತ್ತದೆ, ಆದರೂ ತ್ರಿಕೋನವೇ. ನಾಲ್ಕನೆಯವನು ಬಂದರೆ ಮಾತ್ರ ಅದರ ಜಾತಿ ಬದಲಾಗುತ್ತದೆ. ಮೂಲೆ ಎಂದರೆ ಏನು ಎಂದು ಆಗ ಯಾರೂ ಹೇಳಿಕೊಡಬೇಕಿಲ್ಲ. ಮೂಲೆಯಲ್ಲಿ ನಿಂತಿರುವುದು ತಾನೇ, ಹಗ್ಗ ಒತ್ತುತ್ತಿರುವುದು ತನ್ನ ಬೆನ್ನಿಗೇ.

ತಪ್ಪು ಕಲ್ಪನೆ: ಆಟವೇ ಬೇರೆ, ಪಾಠವೇ ಬೇರೆ. ದೂಳಿನಲ್ಲಿ ಕಳೆದ ಹೊತ್ತು ದಂಡ.

ವಾಸ್ತವ: ನಮ್ಮ ಹಿರಿಯರ ಕಣವನ್ನೇ ನೆನೆಯಿರಿ. ನಡುವೆ ಮೇಟಿ ಕಂಬ, ಅದಕ್ಕೆ ಕಟ್ಟಿದ ಎತ್ತು ಸುತ್ತುತ್ತಿದ್ದರೆ ಕಣ ತಾನಾಗಿ ದುಂಡಗಾಗುತ್ತಿತ್ತು. ಈಗ ರಾಗಿ, ಹುರುಳಿಯನ್ನು ಟಾರು ರಸ್ತೆಗೆ ಹಾಸುತ್ತೇವೆ, ಮೇಟಿ ಕಂಡ ಮಕ್ಕಳು ಕಡಿಮೆ. ಆದರೆ ಗೂಟ ಹೊಡೆದು ಹಗ್ಗ ಕಟ್ಟಿ, ಬಿಗಿ ಬಿಡದೆ ಸುತ್ತು ಬಾ ಎಂದು ಮಗುವಿಗೆ ಹೇಳಬಹುದಲ್ಲ? ಮಣ್ಣಿನ ಮೇಲೆ ಅದರ ಹೆಜ್ಜೆಗಳೇ ವೃತ್ತ. ಹಗ್ಗ ಸಡಿಲಬಿಟ್ಟ ಕಡೆ ವೃತ್ತ ಒಳಕ್ಕೆ ಸೊಟ್ಟಗಾಗುತ್ತದೆ. ನಡುವಿನಿಂದ ಎಲ್ಲ ಕಡೆಗೂ ಒಂದೇ ದೂರ ಎಂಬ ಮಾತು ಮುಂದೆ ಶಾಲೆಯಲ್ಲಿ ಬಂದಾಗ, ಅದನ್ನು ಕಾಲಲ್ಲೇ ಕಲಿತ ಮಗುವಿಗೆ ಬಾಯಿಪಾಠ ಬೇಕಾಗುವುದಿಲ್ಲ.

ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದರೆ ಔಟು. ಬಿಲ್ಲೆ ಮನೆಯೊಳಗೆ ಬಿತ್ತೋ, ಹೊರಗೋ, ಗೆರೆಯ ಮೇಲೋ ಎಂದು ಮಕ್ಕಳು ಮಾಡುವ ಜಗಳವೂ ಜ್ಯಾಮಿತಿಯೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಸಬೇಕೆಂದು ಹೇಳಿದೆ. ಇದು ದಿಲ್ಲಿಯಿಂದ ಬಂದ ಹೊಸ ಮಾತೇನಲ್ಲ. ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲೇ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಶುರುವಾಗಿತ್ತು.

ತಪ್ಪು ಕಲ್ಪನೆ: ಇದನ್ನೆಲ್ಲ ಮೊಬೈಲೇ ಕಲಿಸುತ್ತದೆ.

ವಾಸ್ತವ: ಮೊಬೈಲು ತೋರಿಸುತ್ತದೆ, ಅಷ್ಟೆ. ಪರದೆಯ ಮೇಲಿನ ಚೌಕದ ಸುತ್ತ ನಡೆಯಲಾಗುವುದಿಲ್ಲ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, 3-4 ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ತಪ್ಪು ಕಲ್ಪನೆ: ಚೌಕಾಬಾರ, ಪಗಡೆ ಆಡಿದ ಮನೆಗೆ ದರಿದ್ರ ಸುತ್ತಿಕೊಳ್ಳುತ್ತದೆ.

ವಾಸ್ತವ: ಈ ಭಯಕ್ಕೆ ಬೇರಿಲ್ಲದಿಲ್ಲ. ಧರ್ಮರಾಯ ಪಗಡೆಯಲ್ಲಿ ರಾಜ್ಯ ಸೋತ ಕತೆ ಕೇಳಿ ಬೆಳೆದವರು ನಾವು. ಪಣಕ್ಕೆ ಬಿದ್ದು ಮನೆ ಕಳೆದುಕೊಂಡವರ ಕತೆಗೂ ಊರುಗಳಲ್ಲಿ ಬರವಿಲ್ಲ. ಆದರೆ ಮನೆ ಹಾಳಾದದ್ದು ಪಣದಿಂದ, ಗೆರೆಯಿಂದಲ್ಲ. ಕವಡೆಗೆ ಮನೆ ಹಾಳುಮಾಡುವ ಶಕ್ತಿಯಿದ್ದಿದ್ದರೆ ಜಗಲಿ ಕಲ್ಲಿನ ಮೇಲೆ ಚೌಕಾಬಾರ ಕೆತ್ತಿಕೊಂಡವರು ಎಂದೋ ನಾಶವಾಗಬೇಕಿತ್ತು. ಅಂಗಳದಲ್ಲಿ ಸುಣ್ಣದ ಪುಡಿಯಿಂದ ದೊಡ್ಡದಾಗಿ ಐದು ಮನೆಗೆ ಐದು ಮನೆ ಬರೆದು, ಮಕ್ಕಳನ್ನೇ ಕಾಯಿ ಮಾಡಿ ನಡೆಸಿ. ದೊಡ್ಡ ಚೌಕದೊಳಗೆ 25 ಸಣ್ಣ ಚೌಕ, ನಾಲ್ಕು ಬದಿಗಳ ನಡುಮನೆಗೂ ಒಳಗಿನ ಹಣ್ಣಿನ ಮನೆಗೂ ಕಟ್ಟೆಯ ಗುರುತು. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ಎದುರು ದಿಕ್ಕಿಗೆ. ಪಣ ಬೇಡ, ಬೇಕಿದ್ದರೆ ಕಡಲೆಬೀಜ ಸಾಕು.

ತಪ್ಪು ಕಲ್ಪನೆ: ಬಿಸಿಲಿಗೆ ಬಿಟ್ಟರೆ ಮಗು ಕಪ್ಪಾಗುತ್ತದೆ, ಕಣ್ಣು ಹಾಳಾಗುತ್ತದೆ.

ವಾಸ್ತವ: ಬಣ್ಣದ ಚಿಂತೆಯನ್ನು ಬಿಟ್ಟುಬಿಡಿ, ಅದು ಉತ್ತರ ಕೊಡುವಷ್ಟು ದೊಡ್ಡದಲ್ಲ. ಕಣ್ಣಿನ ಮಾತು ಬೇರೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹೊರಗೆ ಹೋದವರಲ್ಲಿ ಹೊಸದಾಗಿ ಸಮೀಪದೃಷ್ಟಿ ದೋಷ ಬಂದದ್ದು 30.4% ಮಕ್ಕಳಿಗೆ, ಹೋಗದವರಲ್ಲಿ 39.5%. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಡುಹಗಲ ಉರಿಬಿಸಿಲು ಬೇಡ, ನಿಜ. ಬೆಳಗಿನ ಹೊತ್ತು, ಇಲ್ಲವೇ ಹೊಂಗೆ ಮರದ ನೆರಳು ಇದೆಯಲ್ಲ.

ತಪ್ಪು ಕಲ್ಪನೆ: ಹೊರಗೆ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ, ಚಿರತೆ ಬೇರೆ. ಮಗು ಒಳಗಿದ್ದರೇ ಕ್ಷೇಮ.

ವಾಸ್ತವ: ಇವು ಎರಡು ಬೇರೆ ಬೇರೆ ಭಯ. ಮಕ್ಕಳ ಕಳ್ಳರ ಸುದ್ದಿ 2018ರಲ್ಲಿ ವಾಟ್ಸಾಪಿನಲ್ಲಿ ಊರೂರು ಸುತ್ತಿತು, ನಾವೂ ನಂಬಿ ಮುಂದಕ್ಕೆ ಕಳಿಸಿದವರೇ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರ ಜತೆಗಿದ್ದ ಹೈದರಾಬಾದಿನ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನು ಕಳ್ಳನಾಗಿರಲಿಲ್ಲ. ಚಿರತೆಯ ಭಯ ಹಾಗಲ್ಲ, ಬಂಡೀಪುರದ ಕಡೆಯ ನಮಗೆ ಅದು ಕಣ್ಣೆದುರಿನ ಸತ್ಯ. ಪಾಳುಬಿದ್ದ ಕರಿಕಲ್ಲು ಕ್ವಾರಿಯ ಹತ್ತಿರ, ಪೊದೆ ಬೆಳೆದ ಕಡೆ, ಮುಸ್ಸಂಜೆಯ ಮೇಲೆ ಮಕ್ಕಳನ್ನು ಬಿಡಲೇಬಾರದು. ಕ್ವಾರಿಯಲ್ಲಿ ನೀರು ನಿಂತ ಗುಂಡಿಯೂ ಇರುತ್ತದೆ. ಆದರೆ ಈ ಭಯಕ್ಕೆ ಪರಿಹಾರ ಹಗಲು ಹೊತ್ತು, ದೊಡ್ಡವರ ಕಾವಲು, ಗಟ್ಟಿ ಬೇಲಿ. ಮಗುವನ್ನು ಟಿವಿ ಮುಂದೆ ಕೂರಿಸುವುದಲ್ಲ.

ತಪ್ಪು ಕಲ್ಪನೆ: ಇದಕ್ಕೆಲ್ಲ ಕಾನ್ವೆಂಟಿನವರ ಹಾಗೆ ಸಾಮಾನು, ದುಡ್ಡು ಬೇಕು.

ವಾಸ್ತವ: ಹಗ್ಗ, ಗೂಟ, ಸುಣ್ಣದ ಪುಡಿ, ಹಳೆಯ ಸೈಕಲ್ ಟೈರು. ಬೇಕಾದದ್ದು ಇಷ್ಟೇ, ಜತೆಗೆ ಆಡಲು ಜಾಗ. ರಾಜ್ಯದ ಮೊದಲ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ಶುರುವಾದದ್ದು ನಮ್ಮ ನೆರೆಯ ಟಿ. ನರಸೀಪುರದಲ್ಲಿ. ಅಂದಿನಿಂದ ಇಂದಿನವರೆಗೂ ಅಂಗನವಾಡಿಯಲ್ಲಿ ಕೊರತೆಯಾಗಿರುವುದು ಚಾರ್ಟಲ್ಲ, ಆಡಲು ಜಾಗ. ಬಾಲವಿಕಾಸ ಸಮಿತಿಯ ಮುಂದಿನ ಸಭೆಗೆ ಹೋದಾಗ ಗೋಡೆಗೆ ಹೊಸ ಬಣ್ಣ ಕೇಳುವುದು ಬೇಡ; ಅಂಗಳದ ಜಲ್ಲಿ-ಮುಳ್ಳು ತೆಗೆಸಿ, ಸುತ್ತ ಬೇಲಿ ಹಾಕಿಸಿ, ಅದಕ್ಕೊಂದು ಗೇಟು ಇಡಿಸಿ ಎಂದು ಕೇಳೋಣ.