ಗೋಡೆಯ ಕ್ಯಾಲೆಂಡರ್ ತೋರಿಸಿಕೊಟ್ಟ ವರ್ಷ: ಕಿರುಸಂತಸಗಳ ಲೆಕ್ಕ ಇಡುವುದು ಹೇಗೆ?



ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಲೆಕ್ಕಗಳದ್ದೇ ಗದ್ದಲ. ಕುಸ್ವಾರಿಗೆ ಎಷ್ಟು ಸಕ್ಕರೆ, ಎಷ್ಟು ತೆಂಗಿನಕಾಯಿ, ಎಷ್ಟು ಮೈದಾ? ಸ್ವಸಹಾಯ ಸಂಘದ ಉಳಿತಾಯ ಎಷ್ಟಾಯಿತು? ವಾಳೆಯ ಹಣದಲ್ಲಿ ಗೋದಲಿಗೆ ಎಷ್ಟು ಖರ್ಚು, ಉಳಿದದ್ದೆಷ್ಟು? ಇವೆಲ್ಲವನ್ನೂ ನಾವು ಪೈಸೆ ಬಿಡದೆ ಬರೆದಿಡುತ್ತೇವೆ. ಆದರೆ ಕಳೆದ ಹನ್ನೆರಡು ತಿಂಗಳಲ್ಲಿ ನಮಗೆ ದೊರೆತ ಚಿಕ್ಕಪುಟ್ಟ ಸಂತೋಷಗಳ ಲೆಕ್ಕ ಇಟ್ಟವರು ವಿರಳ. ‘ಈ ವರ್ಷ ಹೇಗಿತ್ತು?’ ಎಂದು ಯಾರಾದರೂ ಕೇಳಿದರೆ ‘ಹೀಗೇ ಹೋಯಿತು’ ಎಂಬ ಎರಡೇ ಮಾತಿನಲ್ಲಿ 365 ದಿನಗಳನ್ನು ಮುಗಿಸಿಬಿಡುತ್ತೇವೆ. ನಾವೂ ಹಾಗೆಯೇ ಇದ್ದೆವು. 2024ರ ಕೊನೆಯ ರಾತ್ರಿ ನಡೆದ ಒಂದು ಸಣ್ಣ ಘಟನೆ ನಮ್ಮ ಯೋಚನೆಯನ್ನು ಬದಲಿಸಿತು. ಅದನ್ನು ಹಂಚಿಕೊಳ್ಳುತ್ತಾ, ವರ್ಷವನ್ನು ಹಿಂತಿರುಗಿ ನೋಡುವ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮನೆಯ ಗೋಡೆಯ ಮೇಲೊಂದು ವರ್ಷ

ನಮ್ಮ ಮನೆಯ ಅಡುಗೆ ಕೋಣೆಯ ಬಾಗಿಲ ಪಕ್ಕ ದಪ್ಪ ಅಂಕಿಗಳ ಒಂದು ಕ್ಯಾಲೆಂಡರ್ ತೂಗುತ್ತದೆ. ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ಸಿಲ್. ಅದು ಅಮ್ಮನ ಕಚೇರಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಹೇಂಟೆ ಕಾವಿಗೆ ಕುಳಿತ ದಿನ, ಮನೆಗೆ ಬಂದು ಹೋದವರ ಹೆಸರು ಎಲ್ಲವೂ ಅಲ್ಲಿಯೇ. 2024ರ ಫೆಬ್ರವರಿ 9ರಂದು ಅಮ್ಮನಿಗೆ ಪಾರ್ಶ್ವವಾಯು ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆಸ್ಪತ್ರೆ, ಅಡವಿಟ್ಟ ಬಂಗಾರ, ರಾತ್ರಿಯ ನಿದ್ದೆಗೇಡು ಎನ್ನುತ್ತಾ ದಿನಗಳು ಉರುಳಿದವು. ವರ್ಷದ ಕೊನೆಗೆ ನಮ್ಮಿಬ್ಬರ ತೀರ್ಪೂ ಒಂದೇ ಆಗಿತ್ತು: ಇದು ಕೆಟ್ಟ ವರ್ಷ, ಮುಗಿದರೆ ಸಾಕು.

ಡಿಸೆಂಬರ್ 31ರ ರಾತ್ರಿ ಹಳೆಯ ಕ್ಯಾಲೆಂಡರನ್ನು ಇಳಿಸಿ ಒಲೆಗೆ ಹಾಕಲು ಹೊರಟೆವು. ‘ಹಾಲಿನವನ ಬಾಕಿ ನೋಡಿಕೊಳ್ಳಬೇಕು, ಈಗಲೇ ಬೇಡ’ ಎಂದು ನಮ್ಮಲ್ಲೊಬ್ಬರು ತಡೆದರು. ಬಾಕಿ ಹುಡುಕುತ್ತಾ ಹಾಳೆ ಮಗುಚಿದೆವು. ಜನವರಿ ಇಡೀ ಅಮ್ಮನ ದುಂಡು ಅಕ್ಷರ. ಫೆಬ್ರವರಿ 9ರಿಂದ ಮಾರ್ಚ್ ಕೊನೆಯವರೆಗೆ ಖಾಲಿ. ಏಪ್ರಿಲ್‌ನಿಂದ ಮಗಳ ಅಕ್ಷರ. ಅಜ್ಜಿಯ ಪದ್ಧತಿಯನ್ನು ಅವಳು ನಮಗೆ ಹೇಳದೆಯೇ ಮುಂದುವರಿಸಿದ್ದಳು.

‘ಏಪ್ರಿಲ್ 14: ವೊಡ್ಲಿಮಾಂಯ್ ಅಡುಗೆ ಕೋಣೆವರೆಗೆ ನಡೆದರು.’ ‘ಮೇ 21: ಮುಂಡಪ್ಪ ಮಾವಿನ ಮೊದಲ ಹಣ್ಣು.’ ಅದು ನಾವು 2017ರಲ್ಲಿ ನೆಟ್ಟ ಗಿಡ. ‘ಜುಲೈ 18: ಪಕ್ಕದ ಮನೆಯಿಂದ ಪತ್ರೊಡೆ, 6 ತುಂಡು.’ ಆಳಸಮುದ್ರ ಮೀನುಗಾರಿಕೆಗೆ ರಜೆಯ ಕಾಲ, ಮನೆಯಲ್ಲಿ ಒಣಮೀನಿನ ಚಟ್ನಿಯೇ ಗತಿಯಾಗಿದ್ದ ದಿನಗಳವು. ‘ಸೆಪ್ಟೆಂಬರ್ 8: ಹೊಸ ಅಕ್ಕಿ ಪಾಯಸ. ದುಬೈಗೆ ತೆನೆ ಕಳಿಸಿದ್ದು.’ ‘ಅಕ್ಟೋಬರ್ 3: 9 ಮರಿ.’

ಎಣಿಸಿ ನೋಡಿದೆವು. ಹಾಲು, ಗ್ಯಾಸ್ ಬಿಟ್ಟು 47 ಬರಹಗಳು. ಅವುಗಳಲ್ಲಿ ನಮಗೆ ತಾನಾಗಿ ನೆನಪಿದ್ದವು ನಾಲ್ಕೋ ಐದೋ. ನವೆಂಬರ್ ಹಾಳೆಗೆ ಬಂದಾಗ 19ನೇ ತಾರೀಕಿನ ಮನೆಯಲ್ಲಿ ಒಂದು ಸೊಟ್ಟಗೆರೆ, ಅದರ ಕೆಳಗೆ ಅಲುಗಾಡಿದಂತಿದ್ದ ಒಂದು ಅಕ್ಷರ ಕಂಡಿತು. ‘ಹಾ 1’ ಎಂದು ಓದಬಹುದಾಗಿತ್ತು. ಮಗಳ ಅಕ್ಷರ ಅದಲ್ಲ. ಅಮ್ಮ ಎಡಗೈಯಲ್ಲಿ ಬರೆದಿದ್ದರು! ಒಂಬತ್ತು ತಿಂಗಳ ಬಳಿಕ, ಯಾರ ಸಹಾಯವೂ ಇಲ್ಲದೆ ಗೋಡೆಯ ತನಕ ನಡೆದು, ಹಾಲಿನ ಲೆಕ್ಕ ಬರೆದಿದ್ದರು. ನಾವು ಆರು ವಾರ ಅದರ ಮುಂದೆಯೇ ಓಡಾಡಿದ್ದೆವು. ಕೇಳಿದಾಗ ಅಮ್ಮ ನಿಧಾನವಾಗಿ, ಒಂದೊಂದೇ ಪದ ಜೋಡಿಸಿ, ‘ನಿಮಗೆ ಈಗ ಕಂಡಿತಾ?’ ಎಂದರು.

ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ನಾವು ಮರೆಯುವುದೇಕೆ?

ಇದು ನಮ್ಮೊಬ್ಬರ ಮನೆಯ ದೋಷವಲ್ಲ. ಮನುಷ್ಯನ ನೆನಪು ಕೆಲಸ ಮಾಡುವ ರೀತಿಯೇ ಹೀಗೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಭಾಗವಹಿಸಿದವರು ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಜತೆಗೆ ಮತ್ತೂ 30 ಸೆಕೆಂಡು ಇಟ್ಟರು. ಆ ಕೊನೆಯ ಭಾಗದಲ್ಲಿ ಮಾತ್ರ ನೀರನ್ನು ಒಂದಿಷ್ಟು ಬೆಚ್ಚಗೆ ಮಾಡಲಾಗಿತ್ತು. ‘ಯಾವುದನ್ನು ಮತ್ತೆ ಮಾಡುತ್ತೀರಿ?’ ಎಂದು ಕೇಳಿದಾಗ ಹೆಚ್ಚಿನವರು ದೀರ್ಘವಾದದ್ದನ್ನೇ ಆರಿಸಿದರು! ಅಂದರೆ ಮನಸ್ಸು ಒಂದು ಅನುಭವದ ಪ್ರತಿ ಕ್ಷಣವನ್ನೂ ಕೂಡಿಸಿ ಲೆಕ್ಕ ಹಾಕುವುದಿಲ್ಲ. ಅತಿ ತೀವ್ರವಾದ ಕ್ಷಣವನ್ನೂ ಕೊನೆಯ ಕ್ಷಣವನ್ನೂ ಹಿಡಿದುಕೊಂಡು ಒಟ್ಟು ತೀರ್ಪು ಕೊಡುತ್ತದೆ. ಒಂದು ವರ್ಷದ ಬಗ್ಗೆಯೂ ನಾವು ಹಾಗೆಯೇ ಮಾಡುತ್ತಿರಬಹುದು. ನಮ್ಮ 2024ರ ಪಾಲಿಗೆ ಫೆಬ್ರವರಿಯ ಆ ರಾತ್ರಿಯೇ ಇಡೀ ವರ್ಷವಾಗಿತ್ತು.

ಎರಡನೆಯದಾಗಿ, ಕಹಿ ಘಟನೆಗಳು ಸಿಹಿ ಘಟನೆಗಳಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹತ್ತು ಜನ ಹೊಗಳಿ ಒಬ್ಬರು ತೆಗಳಿದರೆ ರಾತ್ರಿ ನೆನಪಾಗುವುದು ತೆಗಳಿಕೆಯೇ ಅಲ್ಲವೇ?

ಮೂರನೆಯದಾಗಿ, ‘ಇದೇನು ಬರೆದಿಡುವಂಥ ವಿಷಯವೇ?’ ಎಂಬ ನಮ್ಮ ತಾತ್ಸಾರ. 2014ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಟಿಂಗ್ ಜಾಂಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಇತ್ತೀಚೆಗೆ ಆಡಿದ ಮಾತು, ಕೇಳಿದ ಹಾಡು ಮುಂತಾದ ತೀರಾ ಸಾಮಾನ್ಯ ಸಂಗತಿಗಳನ್ನು ವಿದ್ಯಾರ್ಥಿಗಳಿಂದ ಬರೆಸಿಟ್ಟರು. ಮೂರು ತಿಂಗಳ ನಂತರ ಅದನ್ನು ತೆರೆದು ಓದಿದಾಗ, ತಾವು ಮೊದಲು ಊಹಿಸಿದ್ದಕ್ಕಿಂತ ಹೆಚ್ಚು ಕುತೂಹಲವನ್ನು ಅವರು ಅನುಭವಿಸಿದರು. ಇಂದಿನ ಪತ್ರೊಡೆಯ ಬೆಲೆ ಇಂದು ತಿಳಿಯುವುದಿಲ್ಲ ಎಂದಾಯಿತು.

ಬರೆದಿಟ್ಟರೆ ಏನು ಪ್ರಯೋಜನ?

ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಹತ್ತು ವಾರಗಳ ಕಾಲ, ವಾರಕ್ಕೊಮ್ಮೆ, ತಾವು ಕೃತಜ್ಞರಾಗಿರುವ ಐದರವರೆಗಿನ ಸಂಗತಿಗಳನ್ನು ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆ ವ್ಯಕ್ತಪಡಿಸಿದರು. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು ಇನ್ನೊಂದು ಸರಳ ಅಭ್ಯಾಸವನ್ನು ಪರೀಕ್ಷಿಸಿದರು: ಒಂದು ವಾರ, ಪ್ರತಿ ರಾತ್ರಿ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಮತ್ತು ಅದಕ್ಕೆ ಕಾರಣ. ಇದರ ಒಳ್ಳೆಯ ಪರಿಣಾಮ ಆರು ತಿಂಗಳವರೆಗೂ ಕಂಡುಬಂತು.

ಹಾಗೆಂದು ಇದೇನೂ ಸಂಜೀವಿನಿಯಲ್ಲ. ನಂತರದ ಅಧ್ಯಯನಗಳು ಇಂಥ ಅಭ್ಯಾಸದ ಪರಿಣಾಮ ಸಾಧಾರಣ ಪ್ರಮಾಣದ್ದೆಂದು ತೋರಿಸಿವೆ. ಖಿನ್ನತೆಯಿಂದ ಬಳಲುವವರಿಗೆ ವೈದ್ಯರ ಬದಲಿಗೆ ಪೆನ್ಸಿಲ್ ಕೊಡುವುದು ತಪ್ಪು.

ಧರ್ಮಸಭೆಗೆ ಈ ಕ್ರಮ ಹೊಸದಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಸಂತ ಇಗ್ನೇಷಿಯಸ್ ಲೊಯೋಲಾರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥಕ್ಕೆ 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ದೊರೆಯಿತು. ಅದರಲ್ಲಿ ದಿನದ ಆತ್ಮಾವಲೋಕನಕ್ಕೆ ಐದು ಹಂತಗಳಿವೆ. ನಾವು ಆತ್ಮಾವಲೋಕನವೆಂದರೆ ತಪ್ಪುಗಳ ಪಟ್ಟಿ ಎಂದುಕೊಳ್ಳುತ್ತೇವೆ. ಆದರೆ ಅಲ್ಲಿ ಮೊದಲ ಹಂತವೇ ಪಡೆದದ್ದಕ್ಕೆ ವಂದನೆ. ತಪ್ಪುಗಳ ಸರದಿ ಬರುವುದು ನಂತರ. ಡಿಸೆಂಬರ್ 31ರಂದು ‘ತೆ ದೇಉಮ್’ ಎಂಬ ಪುರಾತನ ವಂದನಾಗೀತೆ ಹಾಡುವ ರೂಢಿಯ ಹಿಂದೆಯೂ ಇದೇ ತಿಳಿವಳಿಕೆ ಇದೆ. ಆದರೆ ಯಾವುದಕ್ಕಾಗಿ ವಂದನೆ ಎಂಬುದು ನೆನಪಿನಲ್ಲೇ ಇಲ್ಲದಿದ್ದರೆ ವಂದನೆ ಬರೀ ಬಾಯಿಮಾತಾಗುತ್ತದೆ.

ಮಾಡುವ ಕ್ರಮ

ನಮ್ಮ ಮನೆಯಲ್ಲಿ ನಡೆದುಬಂದ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇವೆ. ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

1. ನೆನಪನ್ನು ನಂಬಬೇಡಿ, ಕುರುಹುಗಳನ್ನು ಹುಡುಕಿ. ಕ್ಯಾಲೆಂಡರ್, ಮೊಬೈಲಿನ ಫೋಟೋಗಳು, ಬ್ಯಾಂಕಿನ ಪಾಸ್ ಪುಸ್ತಕ, ಬಸ್ ಟಿಕೆಟ್, ಆಮಂತ್ರಣ ಪತ್ರಿಕೆಗಳು, ಆಸ್ಪತ್ರೆಯ ಚೀಟಿ ಕೂಡ. ಚೀಟಿಯ ದಿನದಂದು ನಿಮ್ಮ ಜತೆ ಬಂದವರು ಯಾರೆಂಬುದು ಆಗ ನೆನಪಾಗುತ್ತದೆ.

2. ಋತುಗಳ ಗೂಟಕ್ಕೆ ಕಟ್ಟಿ. ‘ಜನವರಿಯಲ್ಲಿ ಏನಾಯಿತು?’ ಎಂದರೆ ಮನಸ್ಸು ತಡವರಿಸುತ್ತದೆ. ‘ಹಲಸು ಹಣ್ಣಾದಾಗ? ಮೊದಲ ಮಳೆ ಬಂದಾಗ? ಮೀನುಗಾರಿಕೆ ಶುರುವಾದಾಗ? ಆಗಸ್ಟ್ 30ರಿಂದ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಒಯ್ಯುತ್ತಿದ್ದಾಗ?’ ಎಂದು ಕೇಳಿ. ಉತ್ತರ ತಾನಾಗಿ ಬರುತ್ತದೆ.

3. ಚಿಕ್ಕದನ್ನೇ ಬರೆಯಿರಿ, ಹೆಸರು ಸೇರಿಸಿ. ‘ಆರೋಗ್ಯ ಸುಧಾರಿಸಿತು’ ಎನ್ನುವುದಕ್ಕಿಂತ ‘ಅಡುಗೆ ಕೋಣೆವರೆಗೆ ನಡೆದರು’ ಎಂಬುದೇ ಮೇಲು. ಆ ಸಂತೋಷ ಯಾರಿಂದ ಬಂತು ಎಂಬುದನ್ನೂ ಬರೆಯಿರಿ.

4. ಒಬ್ಬರದ್ದನ್ನು ಒಬ್ಬರು ತಿದ್ದಬೇಡಿ. ಮಗನಿಗೆ ವರ್ಷದ ಸಂತೋಷ ಕ್ರಿಕೆಟ್ ಪಂದ್ಯವಾಗಿದ್ದರೆ ಇರಲಿ. ‘ಪರೀಕ್ಷೆಯ ಅಂಕ ಬರೆಯಬಾರದೇ?’ ಎನ್ನುವುದು ಬೇಡ.

5. ಖಾಲಿ ಮನೆಗಳನ್ನು ಖಾಲಿಯೇ ಬಿಡಿ. ನಮ್ಮ ಫೆಬ್ರವರಿ, ಮಾರ್ಚ್ ಹಾಳೆಗಳಲ್ಲಿ ಈಗ ಏನನ್ನೂ ತುಂಬಿಸಿಲ್ಲ. ಕಷ್ಟವನ್ನು ಕಷ್ಟವೆಂದು ಒಪ್ಪಿಕೊಳ್ಳುವುದೂ ಪ್ರಾಮಾಣಿಕ ಲೆಕ್ಕವೇ.

6. ಒಬ್ಬರಿಗಾದರೂ ಹೇಳಿ. ಜನವರಿ 6ರ ಮೊದಲು, ಪಟ್ಟಿಯಲ್ಲಿರುವ ಒಬ್ಬರನ್ನಾದರೂ ಕಂಡು ಅಥವಾ ಫೋನು ಮಾಡಿ, ‘ಆ ದಿನ ನೀವು ಮಾಡಿದ್ದು ನಮಗೆ ನೆನಪಿದೆ’ ಎನ್ನಿ. ನಾವು ಪಕ್ಕದ ಮನೆಗೆ ಕಿಡಿಯೊ ತೆಗೆದುಕೊಂಡು ಹೋಗಿ ಪತ್ರೊಡೆಯ ವಿಷಯ ಹೇಳಿದೆವು. ಆ ಬಾಯಿ ‘ಅದೇನು ಮಹಾ!’ ಎಂದು ನಕ್ಕರೂ ಕಣ್ಣೊರೆಸಿಕೊಂಡರು. ಆ ವರ್ಷ ಅವರ ಮನೆಯಲ್ಲೂ ಕಷ್ಟವಿತ್ತೆಂದು ನಮಗೆ ತಿಳಿದದ್ದು ಆವತ್ತೇ.

ಮುಂದಿನ ವರ್ಷಕ್ಕೆ ಪ್ರತಿದಿನ ಬರೆಯುವ ಹಟ ಬೇಡ. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಒಂದು ಸಾಲು ಸಾಕು. ವರ್ಷಕ್ಕೆ 52 ಸಾಲುಗಳಾಗುತ್ತವೆ.

ವಾಳೆಯ ಗುರಿಕಾರರಿಗೆ, ಕಾರ್ಯಕರ್ತರಿಗೆ ಒಂದು ಮಾತು

ಡಿಸೆಂಬರ್ ತಿಂಗಳ ವಾಳೆಯ ಕೂಟದಲ್ಲಿ ಇದಕ್ಕೆಂದು ಅರ್ಧ ಗಂಟೆ ಇಡಬಹುದು. ಮಕ್ಕಳು ವಿದೇಶದಲ್ಲಿದ್ದು ಮನೆಯಲ್ಲಿ ಒಬ್ಬರೇ ಇರುವ ಹಿರಿಯರ ಬಳಿ ಹೋಗಿ, ಅವರು ಹೇಳಿದ್ದನ್ನು ಯುವಜನರು ಬರೆದುಕೊಡಬಹುದು. ಅವರ ಪಟ್ಟಿಯಲ್ಲಿ ಒಂದೂ ಹೆಸರು ಬಾರದಿದ್ದರೆ, ಅದು ವಾಳೆಯವರಾದ ನಾವೆಲ್ಲರೂ ಯೋಚಿಸಬೇಕಾದ ವಿಷಯ.

ಆದರೆ ಒಂದು ಎಚ್ಚರಿಕೆ ಇರಲಿ. ಆ ವರ್ಷ ಮನೆಯವರನ್ನು ಕಳೆದುಕೊಂಡವರಿಗೆ ‘ಒಳ್ಳೆಯದನ್ನೂ ನೆನೆಯಿರಿ’ ಎಂದು ಉಪದೇಶಿಸಬಾರದು. ಅವರ ಜತೆ ಸುಮ್ಮನೆ ಕುಳಿತುಕೊಳ್ಳುವುದು ಲೇಸು. ಅಗಲಿದವರ ಬಗ್ಗೆ ಅವರಾಗಿಯೇ ಮಾತೆತ್ತಿದರೆ ಕೇಳಿಸಿಕೊಳ್ಳಿ. ಅವರ ಪಾಲಿಗೆ ಪಟ್ಟಿ ಅಲ್ಲಿಂದ ಶುರುವಾಗಬಹುದು, ಶುರುವಾಗದೆಯೂ ಇರಬಹುದು.

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬುದು ನಮ್ಮ ಹಿರಿಯರ ಮಾತು. ತೆನೆ ಹಬ್ಬದಂದು ಚರ್ಚಿನಿಂದ ಮನೆಗೆ ಬರುವುದು ಒಂದೋ ಎರಡೋ ತೆನೆ. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿದರೆ ಪಾತ್ರೆಯಲ್ಲಿ ಕಣ್ಣಿಗೂ ಕಾಣದು. ಆದರೂ ಆ ಕಾಳಿಲ್ಲದೆ ಆ ದಿನ ಊಟ ಶುರುವಾಗುವುದಿಲ್ಲ. ವರ್ಷದ ಕಿರುಸಂತಸಗಳೂ ಅಷ್ಟೇ. ಅವು ಕಷ್ಟವನ್ನು ಅಳಿಸುವುದಿಲ್ಲ. ಆದರೆ ಅವನ್ನು ಬಿಟ್ಟು ಹೇಳಿದ ವರ್ಷದ ಕಥೆ ಪೂರ್ತಿ ಸತ್ಯವಲ್ಲ.

2024ರ ಕ್ಯಾಲೆಂಡರ್ ಈಗ ನಮ್ಮ ಕಪಾಟಿನಲ್ಲಿ, ಮದುವೆಯ ಆಲ್ಬಮಿನ ಜತೆಗಿದೆ. 2025ರ ಮೊದಲ ದಿನವೇ ಹೊಸ ಕ್ಯಾಲೆಂಡರಿಗೆ ಮೊಳೆಯನ್ನು ಒಂದು ಗೇಣು ಕೆಳಗೆ ಹೊಡೆದೆವು. ಪೆನ್ಸಿಲಿನ ದಾರವನ್ನು ಎಡಬದಿಗೆ ಕಟ್ಟಿದೆವು.