ಹಳೆಯ ಗೋಡೆಗೆ ಹೊಂದುವ ದುರಸ್ತಿ: ಅಲ್ಪಾವಧಿ ತರಬೇತಿಯ ಅಗತ್ಯ

ಕಿತ್ತೂರಿನ ಕೋಟೆ, ಬೈಲಹೊಂಗಲದ ರಾಣಿ ಚೆನ್ನಮ್ಮನ ಸಮಾಧಿ, ಸವದತ್ತಿಯ ಕೋಟೆ, ರಾಮದುರ್ಗದ ಸಂಸ್ಥಾನ ಕಾಲದ ಕಟ್ಟಡಗಳಂತೆಯೇ ಪೇಟೆಯ ಹಳೆಯ ಅಂಗಡಿ, ವಾಡೆಗಳೂ ಈ ಭಾಗದ ಆಸ್ತಿ. ದುರಸ್ತಿಯೆಂದರೆ ಸಿಮೆಂಟ್ ಗಿಲಾವು ಎಂಬ ರೂಢಿ ಇವುಗಳಿಗೆ ಅಪಾಯಕಾರಿ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆಯುವುದರಿಂದ ಮೃದುವಾದ ಇಟ್ಟಿಗೆ, ಮಣ್ಣಿನ ಗೋಡೆಗಳು ಸವೆಯುತ್ತವೆ. ಹಣ ವೆಚ್ಚವಾಗಿಯೂ ಕಟ್ಟಡ ಉಳಿಯದು.

1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯು ಸಂರಕ್ಷಣೆಯ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತ ಬಂದಿದೆ. ಈ ವಿದ್ಯೆಯ ಮೂಲಪಾಠ ಸರಳ: ಮೊದಲು ಅಳತೆ ಹಾಗೂ ಛಾಯಾಚಿತ್ರಗಳ ದಾಖಲೆ, ಬಳಿಕ ನೀರು ಸೋರುವ ಮೂಲದ ಪತ್ತೆ, ಕೊನೆಗೆ ಮೂಲ ಸಾಮಗ್ರಿಗೆ ಹೊಂದುವ ಕನಿಷ್ಠ ದುರಸ್ತಿ.

ಸುಣ್ಣ ಅರಳಿಸಬಲ್ಲ ಗೌಂಡಿ, ತೊಲೆ ಸರಿಪಡಿಸಬಲ್ಲ ಬಡಿಗ, ಸುಣ್ಣದ ವ್ಯಾಪಾರಿ ಮೂವರಿಗೂ ಇದರಲ್ಲಿ ಉದ್ಯೋಗವಿದೆ. ನಾಲ್ಕೂ ಊರುಗಳ ವರ್ತಕರು ಒಗ್ಗೂಡಿ ಇಂಥ ಶಿಬಿರವನ್ನು ಏರ್ಪಡಿಸಿದರೆ ಕಟ್ಟಡವೂ ಉಳಿದೀತು, ಕಸುಬೂ ಉಳಿದೀತು.